ಕಾರ್ಡಪ್ಪನವರ ಪಿಯಾನೊ ವರದಿ

ಕಾರ್ಡಪ್ಪನವರಿಗೆ ಪಿಯಾನೊ ನುಡಿಸಲು ಬರುತ್ತದೆ ಎಂಬುದು ಸಾರ್ವಜನಿಕ ಗ್ರಂಥಾಲಯದಲ್ಲಿ ಎಲ್ಲರಿಗೂ ಗೊತ್ತಿತ್ತು. ನುಡಿಸಿದ್ದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಅದೇನು ದೊಡ್ಡ ಕೊರತೆಯಲ್ಲ. ಗ್ರಂಥಾಲಯದ ನಲವತ್ತು ಸಾವಿರ ಪುಸ್ತಕಗಳ ಹೆಸರು, ಪುಟಸಂಖ್ಯೆ, ಕಪಾಟಿನ ನಂಬರು ಎಲ್ಲವೂ ಕಾರ್ಡಪ್ಪನವರಿಗೆ ಬಾಯಿಪಾಠವಾಗಿತ್ತು. ಹಾಗಂತ ಅವನ್ನೆಲ್ಲ ಓದಿದ್ದೀರಾ ಎಂದು ಯಾರಾದರೂ ಅವರನ್ನು ಕೇಳಿದ್ದುಂಟೇ?

ಪುಸ್ತಕಕ್ಕೊಂದರಂತೆ ಸೂಚಿಕಾರ್ಡು ಬರೆದು ಡ್ರಾಯರಿನಲ್ಲಿ ಜೋಡಿಸಿಡುವುದು ಅವರ ಕೆಲಸ. ಅದರಿಂದಲೇ ಆ ಹೆಸರು. ಕಂಪ್ಯೂಟರು ಬಂದು ಹನ್ನೆರಡು ವರ್ಷವಾಗಿತ್ತು. ಆದರೆ ಇನ್ನು ಮೇಲೆ ಕಾರ್ಡು ಬರೆಯಬೇಡಿ ಎಂದು ಆದೇಶ ಹೊರಡಿಸಲು ಯಾರಿಗೂ ನೆನಪಾಗದ ಕಾರಣ ಅವರು ದಿನವೂ ಬಂದು, ಮಸಿ ತುಂಬಿಸಿಕೊಂಡು, ಮುತ್ತಿನಂಥ ಅಕ್ಷರಗಳಲ್ಲಿ ಬರೆಯುತ್ತಲೇ ಇದ್ದರು. ಚಹಾದ ಹೊತ್ತಿಗೆ ಮಾತ್ರ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ, "ಈ ಬೆರಳುಗಳು ಪಿಯಾನೊ ನುಡಿಸಿದ ಬೆರಳುಗಳು ಕಣ್ರೀ. ಸೋದರತ್ತೆ ಹತ್ತು ವರ್ಷ ಕೂರಿಸಿ ಕಲಿಸಿದ್ದು," ಅನ್ನುತ್ತಿದ್ದರು. ನಿಲ್ಲಿಸಿ ಮೂವತ್ತೊಂದು ವರ್ಷವಾಯಿತು ಎಂಬುದನ್ನು ಹೇಳುವಷ್ಟರಲ್ಲಿ ಚಹಾ ಮುಗಿದುಹೋಗಿರುತ್ತಿತ್ತು.

ಹೀಗೆಯೇ ನಿವೃತ್ತಿಯವರೆಗೂ ನಡೆದುಹೋಗುತ್ತಿತ್ತೋ ಏನೋ. ಆದರೆ ಆ ವರ್ಷ ದಾಸ್ತಾನು ತನಿಖೆಗೆ ಹೊಸ ಅಧಿಕಾರಿ ಬಂದರು. ಗಟ್ಟಿ ಗಂಟಲಿನ ಮನುಷ್ಯ. ಪಟ್ಟಿಯಲ್ಲಿ ಬರೆದಿದ್ದನ್ನು ನಂಬುವ ಜಾಯಮಾನ ಅವರದಲ್ಲ. ಕುರ್ಚಿ ಎಂದು ಬರೆದಿದ್ದರೆ ಕೂತು ನೋಡುತ್ತಿದ್ದರು, ಏಣಿ ಎಂದಿದ್ದರೆ ಹತ್ತಿ ನೋಡುತ್ತಿದ್ದರು. ಬೆಳಗ್ಗೆ ಹತ್ತಕ್ಕೆ ಶುರುಮಾಡಿ, ಹನ್ನೊಂದೂವರೆಗೆ ಪತ್ರಿಕೆ ಓದುವ ಕೋಣೆಗೆ ಬಂದರು. ಅಲ್ಲಿ 'ಮೌನ' ಎಂಬ ಹಲಗೆಯ ಕೆಳಗೆ, ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಹೊತ್ತುಕೊಂಡು ಅದು ನಿಂತಿತ್ತು.

"ಇದೇನಿದು?"

"ಪಿಯಾನೊ ಸಾರ್," ಎಂದು ಗ್ರಂಥಾಲಯದ ಮುಖ್ಯಸ್ಥೆ ಮೇಡಂ ಪಿಸುಗುಟ್ಟಿದರು. ಮೂವತ್ತು ವರ್ಷ ಅದೇ ಕೆಲಸದಲ್ಲಿದ್ದು ಅವರಿಗೆ ಪಿಸುಮಾತು ಬಿಟ್ಟು ಬೇರೆ ದನಿಯೇ ಉಳಿದಿರಲಿಲ್ಲ.

"ಕೇಳಿಸ್ಲಿಲ್ಲ!"

"ಪಿಯಾನೊ."

"ನುಡಿಯುತ್ತಾ?"

"ಇಲ್ಲಿ ಶಬ್ದ ಮಾಡೋ ಹಾಗಿಲ್ಲ ಸಾರ್."

"ಅದಲ್ಲಮ್ಮ ನಾನು ಕೇಳಿದ್ದು! ಫ್ಯಾನು ಅಂದ್ರಿ, ಹಾಕಿ ನೋಡ್ದೆ. ಇದನ್ನ ಹೇಗೆ ನೋಡ್ಲಿ?"

ಮೇಡಂ ಕಡತ ತೆಗೆದು ತೋರಿಸಿದರು. ಈ ಕಟ್ಟಡವನ್ನೂ ಪಿಯಾನೊವನ್ನೂ ಒಟ್ಟಿಗೆ ದಾನ ಕೊಟ್ಟ ಹೆಂಗಸು ಒಂದೇ ಒಂದು ಷರತ್ತು ಹಾಕಿದ್ದರು. ವರ್ಷಕ್ಕೊಮ್ಮೆ ತಪ್ಪದೆ ಅದನ್ನು ಶ್ರುತಿ ಮಾಡಿಸಬೇಕು. ಅದನ್ನು ಯಾರಾದರೂ ನುಡಿಸಬೇಕು ಎಂದು ಬರೆಯುವುದು ಬಿಟ್ಟುಹೋಗಿತ್ತು. ಹಾಗಾಗಿ ಪ್ರತಿ ವರ್ಷವೂ ಗ್ರಂಥಾಲಯ ಮುಚ್ಚಿರುವ ವಾರ ನೋಡಿಕೊಂಡು ಶ್ರುತಿ ಮಾಡುವ ಅಜ್ಜ ಬರುತ್ತಿದ್ದರು, ಇಡೀ ದಿನ ಕೂತು ತಂತಿ ತಂತಿಯನ್ನೂ ಸರಿಮಾಡುತ್ತಿದ್ದರು, ಮುಚ್ಚಳ ಹಾಕಿ ಹೋಗುತ್ತಿದ್ದರು. ಮುಂದಿನ ವರ್ಷ ಅವರೇ ಬಂದು ತೆಗೆಯುವ ತನಕ ಆ ಮುಚ್ಚಳವನ್ನು ಯಾರೂ ಮುಟ್ಟುತ್ತಿರಲಿಲ್ಲ. ಇದು ಇಪ್ಪತ್ತೆರಡು ವರ್ಷದಿಂದ ಚಾಚೂ ತಪ್ಪದೆ ನಡೆದುಬಂದಿತ್ತು.

"ಅಂದ್ರೆ ಇದು ಸರಿಯಾಗಿದೆ ಅಂತ ಆ ಶ್ರುತಿಯಜ್ಜ ಒಬ್ರಿಗೇ ಗೊತ್ತು," ಎಂದರು ಅಧಿಕಾರಿ. "ತಮ್ಮ ಕೆಲಸ ಚೆನ್ನಾಗಿದೆ ಅಂತ ತಾವೇ ಹೇಳಿದ್ರೆ ಆಯ್ತಾ? ಬೇರೆ ಯಾರಿಗಾದ್ರೂ ಪಿಯಾನೊ ಬರುತ್ತಾ ಇಲ್ಲಿ?"

ಇಡೀ ಸಿಬ್ಬಂದಿ ಒಟ್ಟಿಗೆ ಕಾರ್ಡಪ್ಪನವರ ಕಡೆ ತಿರುಗಿತು. ಪತ್ರಿಕೆ ಓದಲು ಬಂದವರೂ ಪತ್ರಿಕೆ ಕೆಳಗಿಳಿಸಿ ನೋಡಿದರು. ಕಾರ್ಡಪ್ಪನವರು ತಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು. ಗೋಡೆಯಿತ್ತು.

ಹತ್ತು ನಿಮಿಷದಲ್ಲಿ ಪತ್ರಿಕೆಯ ಕಟ್ಟುಗಳು ಕೆಳಗಿಳಿದವು, ಧೂಳು ಒರೆಸಿದ್ದಾಯಿತು, ಕುರ್ಚಿ ಬಂತು. ಕಾರ್ಡಪ್ಪನವರು ಕೂತರು. ಎದ್ದು ಕುರ್ಚಿ ಮುಂದೆ ಎಳೆದುಕೊಂಡರು. ಮತ್ತೆ ಎದ್ದು ಹಿಂದೆ ತಳ್ಳಿದರು. ಅಂಗಿಯ ತೋಳು ಮಡಚಿದರು. ಕಣ್ಣು ಮುಚ್ಚಿ ಸೋದರತ್ತೆಯನ್ನು ನೆನೆದು, ಹದಿನೆಂಟನೇ ವಯಸ್ಸಿನಲ್ಲಿ ಲೀಲಾಜಾಲವಾಗಿ ನುಡಿಸುತ್ತಿದ್ದ ಸಿಪಾಯಿಗಳ ನಡಿಗೆಯ ಗತ್ತಿನ ಒಂದು ತುಣುಕಿಗೆ ಕೈಹಾಕಿದರು.

ಏನಾಯಿತು ಎಂದು ವಿವರವಾಗಿ ಹೇಳುವುದು ಸಭ್ಯತೆಯಲ್ಲ. ಬಲಗೈ ಮೂರು ಸ್ವರ ನುಡಿಸಿ ಎಡಗೈಗಾಗಿ ಕಾಯಿತು. ಎಡಗೈ ತಾನು ಎಲ್ಲಿಗೆ ಬಂದಿದ್ದೇನೆ ಎಂದು ವಿಚಾರಿಸುತ್ತಿತ್ತು. ಕೊನೆಗೆ ಹತ್ತೂ ಬೆರಳುಗಳು ಸಿಕ್ಕಲ್ಲಿ ಒಟ್ಟಿಗೆ ಬಿದ್ದವು. ಓದುಗರಲ್ಲಿ ಒಬ್ಬರು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

"ಏನ್ರೀ ಇದು?" ಎಂದರು ಅಧಿಕಾರಿ.

ಆ ಗಳಿಗೆಯಲ್ಲಿ ಕಾರ್ಡಪ್ಪನವರ ನಾಲಿಗೆಯ ತುದಿಯಲ್ಲಿ ಎರಡು ವಾಕ್ಯಗಳಿದ್ದವು. 'ನನಗೆ ಮರೆತುಹೋಗಿದೆ' ಎಂಬುದು ಒಂದು. ಅದು ಸತ್ಯ, ಚಿಕ್ಕದು, ಹೇಳಲು ಸುಲಭ. ಅವರು ಇನ್ನೊಂದನ್ನು ಹೇಳಿದರು.

"ಪಿಯಾನೊ ಕೆಟ್ಟಿದೆ ಸಾರ್."

"ಪೂರ್ತಿ ಕೆಟ್ಟಿದೆಯಾ?"

"ಬಹುಪಾಲು."

"ಹಾಗಾದ್ರೆ ಆ ಮನುಷ್ಯ ಇಪ್ಪತ್ತೆರಡು ವರ್ಷ ಬಂದು ಏನು ಮಾಡ್ತಿದ್ರು? ಗಾಳಿ ಸೇವನೆನಾ?"

ಪಿಯಾನೊಗೆ ಬಾಯಿಲ್ಲ ಎಂದು ಕಾರ್ಡಪ್ಪನವರು ತಪ್ಪನ್ನು ಅದರ ಮೇಲೆ ಹಾಕಿದ್ದರು, ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದು ತಲೆಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ವರದಿ ಸಿದ್ಧವಾಗಿತ್ತು. ಎರಡು ವಾರದ ನಂತರ ಮರುತನಿಖೆ. ಆಗಲೂ ಇದೇ ಸ್ಥಿತಿಯಾದರೆ ಪಿಯಾನೊ ಬಡಗಿಯ ಪಾಲು. ಶ್ರುತಿ ಮಾಡುವವರ ಹೆಸರು, 'ಇವರಿಗೆ ಕೆಲಸ ಕೊಡತಕ್ಕದ್ದಲ್ಲ' ಎಂಬ ಪಟ್ಟಿಗೆ. ಆ ಪಟ್ಟಿ ಊರಿನ ಎಲ್ಲ ಶಾಲೆಗೂ ಸಭಾಂಗಣಕ್ಕೂ ಹೋಗುತ್ತದೆ. ಕೆಳಗೆ 'ಪಿಯಾನೊ ಬಲ್ಲವರು' ಎಂಬಲ್ಲಿ ಕಾರ್ಡಪ್ಪನವರು ಸಹಿ ಹಾಕಿದರು. ಅಕ್ಷರ ಎಂದಿನಂತೆ ಮುತ್ತಿನ ಹಾಗೇ ಇತ್ತು.

ಮರುದಿನ ವರದಿಯ ಸುದ್ದಿ ತಿಳಿದು ಶ್ರುತಿಯಜ್ಜ ಬಂದರು. ಸಣಕಲು ದೇಹ, ಕೈಯಲ್ಲಿ ಸವೆದ ಚರ್ಮದ ಚೀಲ. ಬೈಯುತ್ತಾರೆ ಎಂದುಕೊಂಡು ಕಾರ್ಡಪ್ಪನವರು ಬೈಗುಳಕ್ಕೆ ತಯಾರಾಗಿ ಕೂತಿದ್ದರು. ಅಜ್ಜ ಬೈಯಲಿಲ್ಲ. ಎದುರಿನ ಸ್ಟೂಲಿನಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಕೇಳಿದರು.

"ಯಾವ ಸ್ವರ ಸ್ವಾಮಿ ಕೆಟ್ಟಿರೋದು?"

"ಅದೂ... ಒಂದು ಅಂತಲ್ಲ. ಅಲ್ಲೊಂದು ಇಲ್ಲೊಂದು."

"ಈಗ ಪೂರ್ತಿ ನೋಡಿ ಬಂದೆ. ನನಗೆಲ್ಲಾ ಸರಿಯಾಗೇ ಕೇಳುತ್ತೆ. ಅದೇ ಭಯ ಆಗ್ತಿರೋದು."

"ಭಯ ಯಾಕೆ?"

"ಮತ್ತೇನು? ಬಲ್ಲವರು ನೀವು, ಕೆಟ್ಟಿದೆ ಅಂತ ಬರ್ದಿದೀರಿ. ನನಗೆ ಸರಿಯಾಗಿ ಕೇಳುತ್ತೆ ಅಂದ್ರೆ ನನ್ನ ಕಿವಿ ಹೋಯ್ತು ಅಂತ ತಾನೇ? ವಯಸ್ಸಾಯ್ತು ನೋಡಿ, ಹೋದದ್ದು ನನಗೇ ಗೊತ್ತಾಗಿಲ್ಲ. ಹೋದ ತಿಂಗಳು ಒಂದು ಶಾಲೆಯಲ್ಲಿ ಮಾಡಿಬಂದೆ. ಅದನ್ನೂ ಕೆಡಿಸಿಟ್ಟಿದೀನೋ ಏನೋ. ಒಪ್ಕೊಂಡಿದ್ದ ಕೆಲಸ ಎಲ್ಲಾ ಬೇಡ ಅಂದ್ಬಿಟ್ಟೆ."

ನಂತರ ಅವರು, "ಹೇಳಿದ್ದು ಒಳ್ಳೇದಾಯ್ತು ಸ್ವಾಮಿ. ನೀವು ಹೇಳದಿದ್ರೆ ಯಾರು ಹೇಳ್ತಿದ್ರು?" ಎಂದು ಕೈಮುಗಿದು ಹೋದರು. ಕಾರ್ಡಪ್ಪನವರಿಗೆ ನಾಚಿಕೆಯಾಯಿತು. ಅವತ್ತು ಬರೆದ ಕಾರ್ಡುಗಳಲ್ಲಿ ಒಂದು ಅಡುಗೆ ಪುಸ್ತಕ ಖಗೋಳಶಾಸ್ತ್ರಕ್ಕೆ ಸೇರಿಹೋಯಿತು.

ಮನೆಗೆ ಹೋಗುವ ದಾರಿಯಲ್ಲಿ ಅವರೊಂದು ಉಪಾಯ ಹೂಡಿದರು. ತಪ್ಪೊಪ್ಪಿಕೊಂಡರೆ ಅಜ್ಜನ ಮಾನ ಉಳಿಯುತ್ತದೆ, ತಮ್ಮದು ಹೋಗುತ್ತದೆ. ಒಪ್ಪಿಕೊಳ್ಳದಿದ್ದರೆ ತಮ್ಮದು ಉಳಿಯುತ್ತದೆ, ಅಜ್ಜನದು ಹೋಗುತ್ತದೆ. ಆದರೆ ಎರಡು ವಾರದಲ್ಲಿ ಕೈಗೆ ವಿದ್ಯೆ ವಾಪಸ್ಸು ಬಂದುಬಿಟ್ಟರೆ? ಮರುತನಿಖೆಯ ದಿನ ಜಾಮ್ ಜಾಮ್ ಎಂದು ನುಡಿಸಿ, "ಮೊನ್ನೆ ಥಂಡಿಗೆ ಏನೋ ಆಗಿತ್ತು ಸಾರ್, ಈಗ ತಾನಾಗೇ ಸರಿಹೋಗಿದೆ" ಅಂದರೆ ಎಲ್ಲರ ಮಾನವೂ ಉಳಿಯುತ್ತದೆ. ಹೆಚ್ಚೆಂದರೆ ಥಂಡಿಗೆ ಕೆಟ್ಟ ಹೆಸರು.

ಅಭ್ಯಾಸ ಎಲ್ಲಿ ಮಾಡುವುದು? ಗ್ರಂಥಾಲಯದಲ್ಲಿ ಮೌನ. ಮನೆಯಲ್ಲಿ ಪಿಯಾನೊ ಇಲ್ಲ. ಹೆಂಡತಿಗೆ ಹೇಳುವಂತೆಯೂ ಇಲ್ಲ. 'ನಮ್ಮವರು ಕೂತರೆ ಪಿಯಾನೊ ಮಾತಾಡುತ್ತೆ' ಎಂದು ಆಕೆ ಇಪ್ಪತ್ತನಾಲ್ಕು ವರ್ಷದಿಂದ ತವರಿನಲ್ಲಿ ಹೇಳಿಕೊಂಡು ಬಂದಿದ್ದಳು. ಆದ್ದರಿಂದ ಕಾರ್ಡಪ್ಪನವರು ತಮಗೆ ತಿಳಿದ ಸಾಮಗ್ರಿಯಲ್ಲೇ ಪಿಯಾನೊ ತಯಾರಿಸಿದರು. ಪಿಯಾನೊದಲ್ಲಿ ಬಿಳಿಯ ಕೀಗಳು ಐವತ್ತೆರಡು. ಒಂದು ಸೂಚಿಕಾರ್ಡನ್ನು ಉದ್ದಕ್ಕೆ ಕತ್ತರಿಸಿದರೆ ಸರಿಯಾಗಿ ಮೂರು ಪಟ್ಟಿ. ಹದಿನೆಂಟು ಕಾರ್ಡು ಸಾಕು, ಎರಡು ಪಟ್ಟಿ ಮಿಗುತ್ತದೆ, ಚೂರೂ ದಂಡವಿಲ್ಲ. ಕಪ್ಪು ಕೀಗಳನ್ನು ಮಸಿಯಲ್ಲಿ ಬರೆದರು. ಎಲ್ಲವನ್ನೂ ಸಾಲಾಗಿ ಅಂಟಿಸಿ ಹಿಂದಿನ ಕೋಣೆಯ ಇಸ್ತ್ರಿ ಮೇಜಿನ ಮೇಲೆ ಹಾಸಿದರು. ಪಟ್ಟಿ ನಿಜವಾದ ಕೀಗಿಂತ ಒಂದು ಅಕ್ಕಿಕಾಳಿನ ದಪ್ಪದಷ್ಟು ಅಗಲವಾಗಿತ್ತು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಕಾರ್ಡನ್ನು ದಂಡ ಮಾಡಲು ಯಾವ ಗುಮಾಸ್ತನಿಗೆ ತಾನೇ ಮನಸ್ಸು ಬಂದೀತು?

ದಿನವೂ ಬೆಳಗ್ಗೆ ಆಫೀಸಿಗೆ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ, ಬಾಗಿಲು ಹಾಕಿಕೊಂಡು ಅಭ್ಯಾಸ ನಡೆಯಿತು. ನಾಲ್ಕನೇ ದಿನಕ್ಕೆ ಬಲಗೈಯ ಬೆರಳುಗಳಿಗೆ ಹಳೆಯ ದಾರಿ ನೆನಪಾಗತೊಡಗಿತು. ಯೋಚಿಸಿದರೆ ತಪ್ಪುತ್ತಿತ್ತು, ಯೋಚಿಸದೆ ಬಿಟ್ಟರೆ ಹೋಗುತ್ತಿತ್ತು. ಎಡಗೈ ಮಾತ್ರ ಜಗಮೊಂಡ. ಕೆಳಗಿನ ದಪ್ಪ ಸ್ವರವನ್ನು ಮುಟ್ಟಿ ಮೇಲಕ್ಕೆ ನೆಗೆಯಬೇಕು, ಮತ್ತೆ ಕೆಳಕ್ಕೆ, ಮತ್ತೆ ಮೇಲಕ್ಕೆ. ಎಂಟನೇ ದಿನಕ್ಕೆ ಅದೂ ದಾರಿಗೆ ಬಂತು. ಸೋದರತ್ತೆ ಗದರಿಸುತ್ತಿದ್ದ ಜಾಗಗಳೂ ಒಂದೊಂದಾಗಿ ನೆನಪಾದವು. ಕಾರ್ಡಪ್ಪನವರ ಹುರುಪು ಏರಿತು. ಕಾಲಲ್ಲಿ ತಾಳ, ತಲೆಯಲ್ಲಿ ತೂಗು, ಮುಖದಲ್ಲಿ ಆನಂದ.

ಅದನ್ನೇ ಅವರ ಹೆಂಡತಿ ಬಾಗಿಲ ಸಂದಿಯಿಂದ ನೋಡಿದ್ದು. ತನ್ನ ಗಂಡ ಕಾಗದದ ಪಟ್ಟಿಗಳ ಮುಂದೆ ನೆಟ್ಟಗೆ ಕೂತು, ಎರಡೂ ಕೈಗಳನ್ನು ಕುಣಿಸುತ್ತಾ, ಕಾಲು ಬಡಿಯುತ್ತಾ, ಒಂದಿಷ್ಟೂ ಸದ್ದಿಲ್ಲದ ಕೋಣೆಯಲ್ಲಿ ತಲೆದೂಗುತ್ತಾ, ನಡುವೆ ಒಮ್ಮೆ ನಿಲ್ಲಿಸಿ "ಅತ್ತೇ, ಹೊಡೀಬೇಡಿ" ಅಂದರು.

ಆಕೆ ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿ ತಮ್ಮನಿಗೆ ಫೋನು ಮಾಡಿದಳು. ಅವನು ಬರುವ ತನಕ ಕೈಕಟ್ಟಿ ಕೂರಲಾರದೆ ಪಕ್ಕದ ಮನೆಯಾಕೆಗೂ ಎದುರು ಮನೆಯಾಕೆಗೂ ಹೇಳಿದಳು. ಹೀಗಾಗಿ ತಮ್ಮ ಬರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿತ್ತು. ಮಹಡಿಯ ಮೇಲಿನ ಮನೆಯವರು ಮೆಟ್ಟಿಲಲ್ಲಿ ಕಾರ್ಡಪ್ಪನವರನ್ನು ಕಂಡು, "ಏನೂ ಯೋಚನೆ ಮಾಡ್ಬೇಡಿ, ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು. ಆಮೇಲೂ ಆರು ವರ್ಷ ಇದ್ರು," ಎಂದು ಧೈರ್ಯ ಹೇಳಿದರು.

ಬಾಮೈದ ಔಷಧಿ ಅಂಗಡಿ ಇಟ್ಟವನು. ಕಾಯಿಲೆ ಎಂದರೆ ಅವನಿಗೆ ಪಂಚಪ್ರಾಣ. ಹತ್ತನೇ ದಿನ ಒಬ್ಬ ಡಾಕ್ಟರನ್ನೇ ಜೊತೆಗೆ ಕರೆದುಕೊಂಡು ಬಂದ.

"ಭಾವ, ಮುಚ್ಚಿಡ್ಬೇಡಿ. ಅಕ್ಕ ಎಲ್ಲಾ ನೋಡಿದ್ದಾಳೆ. ನಿಮ್ಮ ಕೈ ವಿಷಯ ಇವರಿಗೂ ಹೇಳಿದೀನಿ."

ಗುಟ್ಟು ರಟ್ಟಾಯಿತು ಎಂದು ಕಾರ್ಡಪ್ಪನವರು ತಲೆತಗ್ಗಿಸಿದರು. ಹೇಗೂ ಗೊತ್ತಾಗಿದೆ, ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅನ್ನಿಸಿತು.

"ಯಾವಾಗಿಂದ ಇದು?" ಎಂದರು ಡಾಕ್ಟರು.

"ಎಂಟನೇ ವಯಸ್ಸಿಂದ."

"ಅಷ್ಟು ಚಿಕ್ಕ ವಯಸ್ಸಿಗೇ! ಮನೆತನದಲ್ಲಿ ಇದೆಯಾ?"

"ಸೋದರತ್ತೆಗಿತ್ತು. ಅವರಿಂದಲೇ ನನಗೆ ಬಂದಿದ್ದು."

"ನಡುವೆ ಯಾವಾಗಾದ್ರೂ ನಿಂತಿತ್ತಾ?"

"ಮೂವತ್ತೊಂದು ವರ್ಷ ಪೂರ್ತಿ ನಿಂತಿತ್ತು. ಎಲ್ಲಾ ಹೋಯ್ತು ಅಂದ್ಕೊಂಡಿದ್ದೆ."

"ಈಗ?"

"ಪುಣ್ಯಕ್ಕೆ ಬಲಗೈಗೆ ಚೆನ್ನಾಗಿ ಬಂದಿದೆ. ಎಡಗೈಗೆ ಈಗ ಬರ್ತಾ ಇದೆ. ಈ ವಾರದೊಳಗೆ ಎರಡಕ್ಕೂ ಒಟ್ಟಿಗೆ ಬರುತ್ತೆ ಅನ್ನೋ ಭರವಸೆ ಇದೆ."

ಡಾಕ್ಟರು ಬಾಮೈದನ ಮುಖ ನೋಡಿದರು. ಬಾಮೈದ ಅಕ್ಕನ ಮುಖ ನೋಡಿದ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲರೂ ತಮ್ಮ ಸಾಧನೆಗೆ ಕರಗಿದ್ದಾರೆ ಎಂದುಕೊಂಡು ಕಾರ್ಡಪ್ಪನವರಿಗೂ ಕಣ್ಣು ತೇವವಾಯಿತು. ಹೊರಗೆ ಹೋಗಿ ಡಾಕ್ಟರು ಬಾಮೈದನ ಕೈಗೆ ಒಂದು ಪ್ರಮಾಣಪತ್ರ ಬರೆದುಕೊಟ್ಟರು. ನರಗಳ ಬಳಲಿಕೆ, ಮೂರು ತಿಂಗಳು ಬೆರಳುಗಳಿಗೆ ಯಾವ ಸೂಕ್ಷ್ಮ ಕೆಲಸವೂ ಕೂಡದು.

ಮರುತನಿಖೆಯ ದಿನ ಬಂತು. ಪತ್ರಿಕೆ ಓದುವ ಕೋಣೆಯಲ್ಲಿ ಅಧಿಕಾರಿ, ಮೇಡಂ, ಸಿಬ್ಬಂದಿ, ಅಳತೆಯ ಟೇಪು ಹಿಡಿದ ಬಡಗಿ ಎಲ್ಲರೂ ಸೇರಿದ್ದರು. ಯಾವತ್ತೂ ಓದಲು ಬರದವರೂ ಅವತ್ತು ಓದಲು ಬಂದಿದ್ದರು. ಮೂಲೆಯ ಬೆಂಚಿನಲ್ಲಿ ಶ್ರುತಿಯಜ್ಜ ಕೂತಿದ್ದರು. ಕಾರ್ಡಪ್ಪನವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬೆರಳು ನೀವಿಕೊಳ್ಳುತ್ತಾ, ಇನ್ನೇನು ಕುರ್ಚಿಯ ಬಳಿ ಹೋಗಬೇಕು, ಅಷ್ಟರಲ್ಲಿ ಬಾಮೈದ ಏದುಸಿರು ಬಿಡುತ್ತಾ ನುಗ್ಗಿದ. ಹಿಂದೆ ಅಕ್ಕ.

"ನಿಲ್ಸಿ! ನಮ್ಮ ಭಾವನ ಕೈಲಿ ಏನೂ ಮಾಡಿಸ್ಬೇಡಿ! ಅವರಿಗೆ ಹುಷಾರಿಲ್ಲ!"

"ಮೌನ," ಎಂದು ಮೇಡಂ ಪಿಸುಗುಟ್ಟಿದರು.

ಬಾಮೈದ ಚಾಚಿದ ಪ್ರಮಾಣಪತ್ರವನ್ನು ಅಧಿಕಾರಿ ಎರಡು ಸಲ ಓದಿ ಮಡಚಿದರು. "ಅಯ್ಯೋ ಪಾಪ, ಮೊದಲೇ ಹೇಳ್ಬಾರದೇನ್ರೀ? ಹೋಗಿ, ಮನೇಲಿ ಆರಾಮಾಗಿರಿ. ನೀವು ನುಡಿಸೋದೇನೂ ಬೇಡ. ಮೊದಲನೇ ವರದಿನೇ ಕಾಯಂ ಮಾಡ್ತೀನಿ."

ಇದಕ್ಕಿಂತ ಸಲೀಸಾದ ದಾರಿ ಯಾರಿಗೆ ಸಿಗುತ್ತದೆ? ಪಿಯಾನೊ ಬಲ್ಲವರು ಎಂಬ ಹೆಸರು ಹಾಗೇ ಉಳಿಯುತ್ತದೆ, ಮೇಲೆ ಮೂರು ತಿಂಗಳ ರಜೆ. ಕಾರ್ಡಪ್ಪನವರು ಒಂದು ನೆಮ್ಮದಿಯ ಉಸಿರು ಬಿಟ್ಟೂಬಿಟ್ಟರು. ಬಡಗಿ ಟೇಪು ಬಿಚ್ಚಿದ. ಆಗ ಬೆಂಚಿನಿಂದ ಶ್ರುತಿಯಜ್ಜ ಎದ್ದುಬಂದು, ಚೀಲದಿಂದ ತಂತಿ ಬಿಗಿಯುವ ಉಪಕರಣವನ್ನು ತೆಗೆದು ಮೇಡಂ ಮುಂದೆ ಇಟ್ಟರು. ಹಿಡಿಕೆಯ ಮರ ಅವರ ಅಂಗೈಯ ಆಕಾರಕ್ಕೇ ಸವೆದಿತ್ತು.

"ಇದು ಇಲ್ಲೇ ಇರ್ಲಿ ತಾಯಿ. ಮುಂದೆ ಯಾರಿಗಾದ್ರೂ ಬೇಕಾಗ್ಬಹುದು. ಕಿವಿ ಇಲ್ದೋನಿಗೆ ಇದ್ಯಾಕೆ?"

ಕಾರ್ಡಪ್ಪನವರು ಅದನ್ನು ನೋಡಿದರು. ಅಜ್ಜ ಬಾಗಿಲ ಕಡೆ ಹೊರಟಿದ್ದನ್ನೂ ನೋಡಿದರು. ಬಾಮೈದ ಹಿಡಿಯುವಷ್ಟರಲ್ಲಿ ಹೋಗಿ ಕುರ್ಚಿಯಲ್ಲಿ ಕೂತೇಬಿಟ್ಟರು.

ಬಲಗೈ ಚೆನ್ನಾಗಿಯೇ ಹೊರಟಿತು. ಎಡಗೈ ದಪ್ಪ ಸ್ವರವನ್ನು ಮುಟ್ಟಿ, ಎರಡು ವಾರ ಪಳಗಿದ ಆತ್ಮವಿಶ್ವಾಸದಿಂದ ಮೇಲಕ್ಕೆ ನೆಗೆದು, ಕೂರಬೇಕಾದ ಕೀಯನ್ನು ದಾಟಿ ಪಕ್ಕದ್ದರ ಮೇಲೆ ಕೂತಿತು. ವಾಪಸ್ಸು ಬರುವಾಗಲೂ ಒಂದು ಕೀ ದಾಟಿಯೇ ಇಳಿಯಿತು. ಕಾರ್ಡಪ್ಪನವರು ಕಂಗಾಲಾದರು. ಕೈ ಅವರದೇ, ಪಾಠ ಸರಿ, ಆದರೆ ಪ್ರತಿಯೊಂದು ನೆಗೆತವೂ ಪಕ್ಕದ ಮನೆಗೆ. ಕಾಗದದ ಒಂದೊಂದು ಪಟ್ಟಿಯಲ್ಲೂ ಒಂದೊಂದು ಅಕ್ಕಿಕಾಳಿನ ಅಗಲ ಹೆಚ್ಚಾಗಿ, ಹತ್ತು ಹನ್ನೆರಡು ಪಟ್ಟಿ ದಾಟುವಷ್ಟರಲ್ಲಿ ಬೆರಳು ಬೇರೆ ಕೀಯ ಮೇಲೆ ಬೀಳುತ್ತಿತ್ತು. ಮನೆಯಲ್ಲಿ ದಂಡವಾಗದ ಕಾರ್ಡಿನ ಪಾಪವೆಲ್ಲ ಇಲ್ಲಿ ಒಟ್ಟಿಗೆ ಬಂದು ಕೂತಿತ್ತು.

"ಸಾಕು ಸಾಕು," ಎಂದು ಅಧಿಕಾರಿ ಕಿವಿ ಮುಚ್ಚಿಕೊಂಡರು. "ಈಗಲೂ ಹಾಗೇ ಕೆಟ್ಟಿದೆಯಲ್ರೀ!"

"ಪಿಯಾನೊ ಅಲ್ಲ ಸಾರ್," ಎಂದರು ಕಾರ್ಡಪ್ಪನವರು. ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಅವರೇ ಬೆಚ್ಚಿದರು. "ಪಿಯಾನೊಗೆ ಏನೂ ಆಗಿಲ್ಲ. ಅವತ್ತೂ ಆಗಿರ್ಲಿಲ್ಲ. ನನಗೆ ಮರ್ತುಹೋಗಿದೆ ಅಂತ ಹೇಳೋಕೆ ನಾಚಿಕೆಯಾಗಿ ಅದು ಕೆಟ್ಟಿದೆ ಅಂದ್ಬಿಟ್ಟೆ. ನಾನು ನುಡಿಸಿ ಮೂವತ್ತೊಂದು ವರ್ಷ ಆಯ್ತು. ಎರಡು ವಾರದಿಂದ ಇಸ್ತ್ರಿ ಮೇಜಿನ ಮೇಲೆ ಕಾಗದ ಹಾಸ್ಕೊಂಡು ಕಲೀತಾ ಇದೀನಿ."

ಮೊದಲು ಬಾಯಿಬಿಟ್ಟದ್ದು ಅವರ ಹೆಂಡತಿ.

"ಹಾಗಾದ್ರೆ ಅದು ಹುಚ್ಚಲ್ವೇನ್ರೀ?"

"ಅಲ್ಲ ಕಣೇ. ಅಭ್ಯಾಸ."

"ಅಯ್ಯೋ! ಹುಚ್ಚು ಅಂತ ಬೀದಿಗೆಲ್ಲ ಹೇಳಿಬಿಟ್ಟೆನಲ್ರೀ!"

ಶ್ರುತಿಯಜ್ಜ ಬಾಗಿಲಲ್ಲೇ ನಿಂತಿದ್ದರು. ನಂಬಬೇಕೋ ಬೇಡವೋ ಎಂಬ ಅನುಮಾನ ಅವರ ಮುಖದಲ್ಲಿ ಕಾಣುತ್ತಿತ್ತು. ಕರುಣೆಯಿಂದ ಹೇಳುವ ಸುಳ್ಳು ಹೀಗೆಯೇ ಇರುತ್ತದೆ ಎಂಬುದು ಆ ವಯಸ್ಸಿನವರಿಗೆ ಗೊತ್ತಿರುತ್ತದೆ.

"ಸ್ವಾಮಿ, ನನ್ನ ಸಮಾಧಾನಕ್ಕೆ ಹೇಳ್ಬೇಡಿ," ಎಂದರು.

ಕಾರ್ಡಪ್ಪನವರು ಮತ್ತೆ ಪಿಯಾನೊ ಕಡೆ ತಿರುಗಿದರು. ಈ ಸಲ ಕಣ್ಣು ಮುಚ್ಚಲಿಲ್ಲ, ತಲೆದೂಗಲಿಲ್ಲ. ಬಗ್ಗಿ, ಒಂದೊಂದು ಕೀಯನ್ನೂ ನೋಡಿಕೊಂಡು, ಮಗು ಮೆಟ್ಟಿಲಿಳಿದಂತೆ ನಿಧಾನವಾಗಿ ಮೊದಲಿನಿಂದ ನುಡಿಸತೊಡಗಿದರು. ಎಡಗೈ ನೆಗೆಯುವ ಮುನ್ನ ನಿಂತು ನೋಡಿ ನೆಗೆಯಿತು. ಒಂದು ಸಾಲು ಬಂತು. ಎರಡನೆಯದೂ ಬಂತು. ಇಪ್ಪತ್ತೆರಡು ವರ್ಷ ಹದವಾಗಿದ್ದುಕೊಂಡು ಬಾಯಿ ಮುಚ್ಚಿದ್ದ ಆ ವಾದ್ಯ, ಆ ಕೋಣೆಯಲ್ಲಿ ಯಾರೂ ಎಣಿಸಿರದ ಹಾಗೆ ತುಂಬಿಕೊಂಡು ನುಡಿಯಿತು. ಬಡಗಿ ಟೇಪು ಸುತ್ತಿ ಜೇಬಿಗಿಟ್ಟ. ಮೇಡಂ ಮೌನದ ಹಲಗೆಯ ಕಡೆ ಒಮ್ಮೆ ನೋಡಿ ಸುಮ್ಮನಾದರು. ಮೂರನೆಯ ಸಾಲಿನ ನಡುವೆ ಕಿರುಬೆರಳು ಜಾರಿ ಪಕ್ಕದ ಕೀಯನ್ನು ಒತ್ತಿಬಿಟ್ಟಿತು. ಟಣ್ ಎಂದಿತು.

"ತಪ್ಪು!" ಎಂದು ಶ್ರುತಿಯಜ್ಜ ಕೂಗಿದರು.

ಎಲ್ಲರೂ ಬೆಚ್ಚಿಬಿದ್ದರು. ಅಜ್ಜ ಆಗಲೇ ಪಿಯಾನೊ ಪಕ್ಕದಲ್ಲಿದ್ದರು.

"ತಪ್ಪು ನುಡಿಸಿದ್ರಿ! ಪಕ್ಕದ್ದು ಒತ್ತಿದ್ರಿ! ಹೌದೋ ಅಲ್ವೋ?"

"ಹೌದು. ಬೆರಳು ಜಾರ್ತು."

"ಇನ್ನೊಂದು ಸಲ ಒತ್ತಿ ಅದನ್ನೇ."

ಕಾರ್ಡಪ್ಪನವರು ಒತ್ತಿದರು. ಅಜ್ಜ ಕಿವಿಯನ್ನು ಮರಕ್ಕೆ ಆನಿಸಿ, ಆ ಸ್ವರ ತಾನಾಗಿ ಆರಿಹೋಗುವವರೆಗೂ ಉಸಿರು ಬಿಡದೆ ಕೇಳಿದರು. ಆಮೇಲೆ ಅವರ ಮುಖ ಅರಳಿತು.

"ತಪ್ಪು ಸ್ವರಾನೇ," ಎಂದರು. "ಆದ್ರೆ ಎಷ್ಟು ಸರಿಯಾಗಿದೆ ನೋಡಿ!"

ಅಧಿಕಾರಿಯ ಕಡೆ ತಿರುಗಿ, "ಕೇಳಿದ್ರಾ ಸಾರ್? ಕೂದಲೆಳೆಯಷ್ಟೂ ಆಚೀಚೆ ಇಲ್ಲ!" ಎಂದರು. ಅಧಿಕಾರಿ ಜೀವನದಲ್ಲಿ ಮೊದಲ ಬಾರಿಗೆ ಮೆತ್ತಗೆ "ಹ್ಞೂಂ" ಎಂದು, ಹಳೆಯ ವರದಿಯನ್ನು ಹರಿದು ಹಾಕಿದರು. ಮೇಡಂ ಆ ಉಪಕರಣವನ್ನು ಅಜ್ಜನ ಕೈಗೆ ವಾಪಸ್ಸು ಕೊಟ್ಟರು. ಅಜ್ಜ ಅದನ್ನು ಚೀಲಕ್ಕೆ ಹಾಕಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕಾರ್ಡಪ್ಪನವರ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿಕೊಂಡರು.

"ನಡೀಲಿ ಸ್ವಾಮಿ. ಇನ್ನೊಂದು ನಾಲ್ಕು ತಪ್ಪು ನುಡ್ಸಿ, ಕೇಳೋಣ."

ಕಾರ್ಡಪ್ಪನವರು ನುಡಿಸಿದರು. ಒಂದು ತಪ್ಪನ್ನೂ ಬೇಕೆಂದೇ ಮಾಡಬೇಕಾಗಿ ಬರಲಿಲ್ಲ.